ಗ್ರಾಂ ಮೇಡಂ ಅವರ ಐದನೆಯ ಜೋಕು

ನನ್ನ ತಂಗಿಯ ಮಗಳು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುತ್ತಾಳೆ. ಅವಳ ಕೈಯಲ್ಲಿ ಸದಾ ಒಂದು ಮರದ ಪೆಟ್ಟಿಗೆ. ಅದರೊಳಗೆ ಹಸಿರು ಬಟ್ಟೆ ಹೊದಿಸಿದ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಕೈಬೆವರು ತಗುಲಿದರೂ ತೂಕ ಕೆಡುತ್ತದೆಂದು ಚಿಕ್ಕವನ್ನು ಚಿಮಟದಲ್ಲಿ ಎತ್ತಿಡುತ್ತಾಳೆ. ಎರಡು ವರ್ಷಕ್ಕೊಮ್ಮೆ ಆ ಪೆಟ್ಟಿಗೆಯೇ ಮೇಲಿನ ಪ್ರಯೋಗಾಲಯಕ್ಕೆ ಹೋಗಿ, ಇನ್ನೂ ನಿಖರವಾದ ಬಟ್ಟುಗಳ ಎದುರು ಪರೀಕ್ಷೆಯಾಗಿ ಬರಬೇಕು. ಈ ನಿಯಮವನ್ನು ಅವಳು ಒಂದು ಸಲವೂ ತಪ್ಪಿಸಿದವಳಲ್ಲ.

ಅಂಗಡಿಯವರು ಅವಳಿಗೆ ಇಟ್ಟ ಹೆಸರು ಗ್ರಾಂ ಮೇಡಂ. ಆ ಹೆಸರು ಅವಳಿಗೆ ಗೊತ್ತು. ಇಟ್ಟವರು ಯಾರೆಂಬುದೂ ಗೊತ್ತೆಂದು ಹೇಳುತ್ತಾಳೆ. ಅದು ಬರಿಯ ಅನುಮಾನ.

ಅನುಮಾನ ಅವಳ ಕಸುಬು. ಕಸುಬು ಮನೆಯೊಳಗೂ ಬಂದಿದೆ. ಗಂಡ ತಡವಾಗಿ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ. ಚಪ್ಪಲಿಗೆ ಮೆತ್ತಿದ ಮಣ್ಣು ನೋಡುತ್ತಾಳೆ. ಆತ ಒಮ್ಮೆ ನನ್ನೆದುರಿಗೇ ಹೇಳಿದ, “ನನ್ನ ಹಣೆಗೂ ಒಂದು ಮುದ್ರೆ ಒತ್ತಿಬಿಡೇ ಮಾರಾಯ್ತಿ. ಎರಡು ವರ್ಷ ನಿಶ್ಚಿಂತೆಯಾಗಿ ಓಡಾಡ್ಕೊಂಡಿರ್ತೀನಿ.”

ಇಂಥವಳು ನಲವತ್ತಮೂರನೆಯ ವಯಸ್ಸಿನಲ್ಲಿ ಸ್ಟ್ಯಾಂಡ್ ಅಪ್ ಕಾಮಿಡಿ ಶುರುಮಾಡಿದಳು. ನಮ್ಮ ಬೀದಿಯ ಕೊನೆಯ ಕಾಫಿ ಅಂಗಡಿಯಲ್ಲಿ ಶನಿವಾರ ಸಂಜೆ ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡಬಹುದಿತ್ತು. ಅವಳು ನಿಂತಳು. ಜನ ನಕ್ಕರು. ಮುಂದಿನ ಶನಿವಾರ ಇನ್ನೂ ಹೆಚ್ಚು ನಕ್ಕರು. ಅಲ್ಲಿಗೆ ಅವಳಿಗೆ ಅನುಮಾನ ಬಂತು.

ಕಾರಣವಿತ್ತು. ಕೂತು ನಗುತ್ತಿದ್ದವರಲ್ಲಿ ಕಿರಾಣಿ ಅಂಗಡಿಯವನಿದ್ದ, ಬೇಕರಿಯವನಿದ್ದ, ಹಣ್ಣಿನ ಅಂಗಡಿಯ ಅಣ್ಣತಮ್ಮಂದಿರಿದ್ದರು. ಕಾಫಿ ಅಂಗಡಿಯ ಮಾಲೀಕನೂ ಕಾಫಿಪುಡಿ ತೂಗಿ ಮಾರುವವನೇ. ಇವರು ಜೋಕಿಗೆ ನಗುತ್ತಿದ್ದಾರೋ, ಇನ್‌ಸ್ಪೆಕ್ಟರಿಗೆ ನಗುತ್ತಿದ್ದಾರೋ? ಹಾಗಾಗಿ ತಾನು ಬಲ್ಲ ವಿಧಾನವನ್ನೇ ಹಿಡಿದಳು. ತನ್ನ ಹತ್ತು ಜೋಕುಗಳಲ್ಲಿ ಯಾರೂ ನಗದೇ ಇದ್ದ ಒಂದನ್ನು ಆರಿಸಿ ಐದನೆಯದಾಗಿ ಖಾಯಂ ಮಾಡಿದಳು.

“ಈ ಸಪ್ಪೆ ಜೋಕೇ ನನ್ನ ಬಟ್ಟು, ದೊಡ್ಡಮ್ಮ,” ಎಂದು ನನಗೆ ವಿವರಿಸಿದಳು. “ಮುಲಾಜಿಗೆ ನಗೋರು ಇದಕ್ಕೂ ನಗಬೇಕಲ್ವಾ? ಇದಕ್ಕೆ ಸುಮ್ಮನಿದ್ರೆ ಉಳಿದದ್ದಕ್ಕೆ ನಕ್ಕಿದ್ದು ಅಸಲಿ ಅಂತ ತಾನೇ?”

ತರ್ಕದಲ್ಲಿ ನನಗೆ ಆಗ ದೋಷ ಕಾಣಲಿಲ್ಲ. ಮೂರು ವರ್ಷ ಪ್ರತಿ ಶನಿವಾರ ಐದನೆಯ ಜೋಕಿಗೆ ಕಾಫಿ ಅಂಗಡಿ ಮಸಣದಂತೆ ಸ್ತಬ್ಧವಾಗುತ್ತಿತ್ತು. ಅವಳು ಸಮಾಧಾನದಿಂದ ಆರನೆಯದಕ್ಕೆ ಹೋಗುತ್ತಿದ್ದಳು.

ಆ ಜೋಕು ಇದು. ಒಬ್ಬ ಅಂಗಡಿಯವನ ತಕ್ಕಡಿ ಕಿಲೋಗೆ ನೂರು ಗ್ರಾಂ ಕಡಿಮೆ ತೂಗುತ್ತದೆ. ಯಾಕಯ್ಯಾ ಎಂದರೆ ಅವನು, “ಗಿರಾಕಿಗಳ ಆರೋಗ್ಯಕ್ಕೆ ಮೇಡಂ. ಕಮ್ಮಿ ತಿನ್ನಿ ಅಂತ ಡಾಕ್ಟರು ಬಾಯಿ ಬಡ್ಕೊಂಡ್ರೂ ಕೇಳಲ್ಲ, ಅದಕ್ಕೇ ನಾನೇ ಕಮ್ಮಿ ಮಾಡ್ತಿದ್ದೀನಿ,” ಎನ್ನುತ್ತಾನೆ. ಹಾಗಾದರೆ ದುಡ್ಡನ್ನೂ ಕಡಿಮೆ ತಗೋ ಎಂದರೆ, “ಅದು ಡಾಕ್ಟರ ಫೀಸು ಮೇಡಂ.”

ಈ ಜೋಕಿನ ಬಗ್ಗೆ ನನ್ನ ಅಭಿಪ್ರಾಯವನ್ನು ಅವಳು ಕೇಳಿರಲಿಲ್ಲ. ನಾನೂ ಹೇಳಲಿಲ್ಲ.

ಹೀಗಿರುವಾಗ ರೈಲಿನಲ್ಲಿ ಆರು ಗಂಟೆ ದೂರದ ಇನ್ನೊಂದು ನಗರದಿಂದ ಫೋನು ಬಂತು. ಅವಳ ವಿಡಿಯೋ ಒಂದನ್ನು ನೋಡಿದವನೊಬ್ಬ ಭಾನುವಾರ ಮಧ್ಯಾಹ್ನ ತನ್ನ ಹಾಲಿನಲ್ಲಿ ಕಾರ್ಯಕ್ರಮ ಕೊಡುವಂತೆ ಕರೆದ. ಜನ ಒಪ್ಪಿದರೆ ಪ್ರತಿ ತಿಂಗಳ ಕೊನೆಯ ಭಾನುವಾರ ಅವಳದೇ ಎಂದ. ಕಾರ್ಯಕ್ರಮದ ದಿನವೇ, ವಾಪಸ್ ರೈಲು ಹತ್ತುವ ಮೊದಲು, ಹೌದು ಅಥವಾ ಇಲ್ಲ ಎಂದು ಹೇಳಿಬಿಡಬೇಕು; ಇನ್ನೊಬ್ಬರು ಕಾಯುತ್ತಿದ್ದಾರೆ. ಫೋನಿನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ, “ನಿಮಗೆ ಅಂಗಡಿ ಇದೆಯಾ?”

“ಡ್ರೈವಿಂಗ್ ಸ್ಕೂಲ್ ಇದೆ ಮೇಡಂ.”

“ಅಲ್ಲಿ ತಕ್ಕಡಿ ಇಟ್ಟಿದ್ದೀರಾ?”

“ಕಾರು ತೂಗೋಕಾ ಮೇಡಂ?”

ಸಾಕ್ಷಿಯಿಲ್ಲದೆ ಅವಳು ಯಾವ ತಪಾಸಣೆಗೂ ಹೋಗುವುದಿಲ್ಲ. ಈ ಸಲದ ಸಾಕ್ಷಿ ನಾನು. ರೈಲಿನಲ್ಲಿ ನನ್ನ ಕೆಲಸವನ್ನು ಹೇಳಿಕೊಟ್ಟಳು: ಹಿಂದಿನ ಸಾಲಿನಲ್ಲಿ ಕೂತು ಯಾರು ಯಾವಾಗ ನಗುತ್ತಾರೆ ನೋಡಬೇಕು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, “ಅಲ್ಲಿ ನನ್ನನ್ನ ಯಾರಿಗೂ ಗೊತ್ತಿಲ್ಲ. ನಂಗೆ ನಗಿಸೋಕೆ ಬರುತ್ತೋ ಇಲ್ವೋ ಇವತ್ತು ಗೊತ್ತಾಗುತ್ತೆ,” ಎಂದಳು. “ಐದನೇದಕ್ಕೆ ನಕ್ಕರೆ ಮಾತ್ರ ಅದು ಕೊಂಡು ತಂದ ನಗು. ಇಲ್ಲ ಅಂತ ಹೇಳಿ ರೈಲು ಹತ್ತಿಬಿಡೋಣ.”

ಹಾಲು ಡ್ರೈವಿಂಗ್ ಸ್ಕೂಲಿನ ಮಹಡಿಯ ಮೇಲಿತ್ತು. ಮೆಟ್ಟಿಲ ಗೋಡೆಯುದ್ದಕ್ಕೂ ರಸ್ತೆ ಚಿಹ್ನೆಗಳ ಪಟಗಳು. ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೈಕು, ಮೂಲೆಯಲ್ಲಿ ಪಾಠಕ್ಕೆಂದು ಬಿಚ್ಚಿಟ್ಟ ಎಂಜಿನ್ನು. ಕರೆದವನು ದುಂಡು ಮುಖದ ಮನುಷ್ಯ. ವಿಪರೀತ ವಿನಯ. ನಾನು ಕೂಡ ಅವನನ್ನು ನಂಬಲಿಲ್ಲ. ಮುಂದಿನ ಎರಡು ಸಾಲಿನವರು ಅವನಿಗೆ “ಸಾರ್, ಸಾರ್” ಎನ್ನುತ್ತಿದ್ದುದನ್ನು ಕಂಡು ಅವಳು ನನ್ನ ಕಿವಿಯಲ್ಲಿ ಹೇಳಿದಳು, “ನೋಡಿದ್ರಾ? ಎಲ್ಲಾ ಇವನ ಹತ್ರ ಕಾರು ಕಲಿಯೋರು. ನಗದಿದ್ರೆ ಲೈಸೆನ್ಸ್ ಸಿಗಲ್ಲ.”

ಕಾರ್ಯಕ್ರಮ ಆರಂಭವಾಯಿತು. ಮೊದಲ ಜೋಕಿಗೆ ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಎರಡನೆಯದು ಪರವಾಗಿಲ್ಲ. ನಾಲ್ಕನೆಯದು ಅವಳ ಅತ್ತೆ ಮೊಬೈಲನ್ನು ಒಡವೆಯಂತೆ ಬಟ್ಟೆ ಸುತ್ತಿ ಬೀರುವಿನಲ್ಲಿಡುವ ಜೋಕು. ನಮ್ಮೂರಿನ ಕಾಫಿ ಅಂಗಡಿಯಲ್ಲಿ ಇದಕ್ಕೆ ಮೇಜು ಬಡಿದು ನಗುತ್ತಾರೆ. ಇಲ್ಲಿ ಒಬ್ಬ ಆಕಳಿಸಿದ. ಅವಳ ಕುತ್ತಿಗೆ ಕೆಂಪಾದದ್ದು ಹಿಂದಿನ ಸಾಲಿಗೂ ಕಂಡಿತು.

ಐದನೆಯದನ್ನು ಹೇಳಿದಳು. “ಡಾಕ್ಟರ ಫೀಸು ಮೇಡಂ” ಎನ್ನುತ್ತಲೇ ಹಾಲು ಬಿದ್ದು ಬಿದ್ದು ನಕ್ಕಿತು. ಒಬ್ಬ ಮುದುಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಗು ನಿಲ್ಲಲು ಸಾಕಷ್ಟು ಹೊತ್ತು ಹಿಡಿಯಿತು. ಮೈಕಿನ ಮುಂದೆ ಅವಳು ಕಳ್ಳ ತಕ್ಕಡಿ ಕಂಡಾಗ ನಿಲ್ಲುವಂತೆ ತುಟಿ ಬಿಗಿದು ನಿಂತಿದ್ದಳು. ಉಳಿದ ಐದನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿ ಇಳಿದಳು.

“ಬ್ಯಾಗ್ ತಗೊಳ್ಳಿ ದೊಡ್ಡಮ್ಮ, ಹೊರಡೋಣ.”

“ತಪಾಸಣೆ ಮುಗೀತಾ?” ಎಂದೆ.

ಅದು ಅವಳಿಗೆ ತಾಗಿತು. ಮೆಟ್ಟಿಲ ಬಾಗಿಲಿಗೆ ಹೋಗಿ, ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹೆಂಗಸನ್ನು ತಡೆದು ನಿಲ್ಲಿಸಿದಳು. ಆಸ್ಪತ್ರೆಯ ನರ್ಸು, ಸಮವಸ್ತ್ರದ ಮೇಲೆ ಸ್ವೆಟರು ಹಾಕಿಕೊಂಡಿದ್ದಳು.

“ನಿಮಗೆ ನಗೋಕೆ ಯಾರು ಹೇಳಿದ್ರು?”

“ಏನಂದ್ರಿ?”

“ನೀವು ಇವರ ಹತ್ರ ಡ್ರೈವಿಂಗ್ ಕಲೀತಿಲ್ವಾ? ಇವರ ಮುಲಾಜಿಗೆ ತಾನೇ ನಕ್ಕಿದ್ದು?”

“ಇವರ ಮುಲಾಜಾ?” ನರ್ಸು ಮೆಟ್ಟಿಲ ಕೆಳಗೆ ಕೇಳುವಂತೆ ದನಿಯೇರಿಸಿದಳು. “ಎರಡು ಸಲ ಫೇಲಾಗಿದ್ದೀನಿ ಕಣ್ರೀ ಇವರನ್ನ ನಂಬ್ಕೊಂಡು. ಬ್ರೇಕ್ ಒತ್ತೋಕೆ ಹೇಳಿಕೊಡಪ್ಪಾ ಅಂದ್ರೆ ಈಯಪ್ಪ ಜೋಕು ಹೇಳ್ತಾನೆ. ಅವನನ್ನ ನೋಡಿ ನಗೋದಿರಲಿ, ಅಳು ಬರುತ್ತೆ!”

“ಹಾಗಾದ್ರೆ ಐದನೇದಕ್ಕೆ ಯಾಕೆ ನಕ್ಕಿರಿ?”

“ನಗು ಬಂತು, ನಕ್ಕೆ. ನಮ್ಮ ಬೀದಿ ಅಂಗಡಿಯವನೂ ಥೇಟ್ ಹಾಗೇ. ಅವನ ಮುಖ ಕಣ್ಣಿಗೆ ಕಟ್ತು. ಯಾಕೆ, ನಿಮ್ಮೂರಲ್ಲಿ ನಗಲ್ವಾ?”

“ಇಲ್ಲ. ಮೂರು ವರ್ಷದಿಂದ ಒಬ್ಬರೂ ನಕ್ಕಿಲ್ಲ.”

“ಅಲ್ಲಿ ಕೇಳೋಕೆ ಯಾರು ಬರ್ತಾರೆ?”

“ಕಿರಾಣಿಯವರು. ಬೇಕರಿಯವರು, ಹಣ್ಣಿನವರು...” ಬೆರಳು ಮಡಿಸುತ್ತ ಹೋದವಳ ದನಿ ಸಣ್ಣದಾಯಿತು.

“ನೀವು ಅವರಿಗೇನಾಗಬೇಕು?”

“ಅವರ ತಕ್ಕಡಿ ಪರೀಕ್ಷೆ ಮಾಡೋಳು.”

ನರ್ಸು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ನಿಧಾನವಾಗಿ ಚಲಿಸಿ’ ಎಂಬ ಪಟ ಅವಳ ಭುಜ ತಾಗಿ ಓರೆಯಾಯಿತು. ಅಂದಿನ ಅತಿ ದೊಡ್ಡ ನಗು ಅದೇ. “ಅಯ್ಯೋ ಪುಣ್ಯಾತ್ಗಿತ್ತಿ, ಕಳ್ಳರನ್ನ ಎದುರಿಗೆ ಕೂರಿಸ್ಕೊಂಡು ಕಳ್ಳನ ಜೋಕು ಹೇಳಿದ್ರೆ ಅವರು ಹ್ಯಾಗೆ ನಗ್ತಾರ್ರೀ? ಕಮಕ್ ಕಿಮಕ್ ಅನ್ನಲ್ಲ!”

ನನ್ನ ತಂಗಿಯ ಮಗಳು ನಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಊಹಿಸುವುದು ಕಷ್ಟವಿರಲಿಲ್ಲ. ಎಲ್ಲ ತಕ್ಕಡಿಗಳನ್ನೂ ಅನುಮಾನಿಸಿದವಳು ತನ್ನ ಬಟ್ಟನ್ನು ಮಾತ್ರ ಅನುಮಾನಿಸಿರಲಿಲ್ಲ. ಹಿತ್ತಾಳೆಯವನ್ನು ತಪ್ಪದೆ ಪ್ರಯೋಗಾಲಯಕ್ಕೆ ಕಳಿಸಿದಳು; ಇದನ್ನು ಮೂರು ವರ್ಷ ಎಲ್ಲಿಗೂ ಕಳಿಸಲಿಲ್ಲ. ಐದನೆಯದಕ್ಕೆ ಅಂಗಡಿಯವರು ಸುಮ್ಮನಿದ್ದದ್ದು ಹೆದರಿ. ಹಾಗಿದ್ದ ಮೇಲೆ ಅತ್ತೆಯ ಜೋಕಿಗೆ ಮೇಜು ಬಡಿದದ್ದು ಯಾಕೆ?

“ಅಷ್ಟೂ ಶನಿವಾರ, ದೊಡ್ಡಮ್ಮ,” ಎಂದಳು.

ಡ್ರೈವಿಂಗ್ ಸ್ಕೂಲಿನವನು ಕೈ ಹೊಸೆಯುತ್ತ ಬಂದ. “ಮೇಡಂ, ರೈಲಿಗೆ ಹೊತ್ತಾಯ್ತು. ಹೌದಾ, ಇಲ್ವಾ?”

ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡಳು. “ಬರ್ತೀನಿ. ಆದ್ರೆ ನಿಮ್ಮ ಹತ್ರ ಕಲಿಯೋರು ಮೊದಲೆರಡು ಸಾಲಲ್ಲಿ ಕೂರಬಾರದು. ಫೇಲಾದವರು ಬೇಕಾದ್ರೆ ಕೂತ್ಕೊಳ್ಳಲಿ.”

“ಹಾಗಾದ್ರೆ ಹಾಲು ಹೌಸ್‌ಫುಲ್ಲು,” ಎಂದಳು ನರ್ಸು.

ಅದರ ಮುಂದಿನ ಶನಿವಾರ ಅವಳು ನಮ್ಮ ಬೀದಿಯ ಕಾಫಿ ಅಂಗಡಿಗೆ ಹೋದಳು. ನಾನೂ ಹೋಗಿದ್ದೆ. ಮೈಕಿನ ಮುಂದೆ ನಿಂತು ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದಳು. ಎಲ್ಲರೂ ನಗಲು ಸಿದ್ಧವಾಗಿ ಕೂತಿದ್ದರು. ಬೇಕರಿಯವನು ಆಗಲೇ ಹಲ್ಲು ಬಿಟ್ಟಿದ್ದ.

“ಇವತ್ತು ಜೋಕಿಲ್ಲ,” ಎಂದಳು. “ಇನ್ನು ಮುಂದೆ ನಾನು ಇಲ್ಲಿ ಶನಿವಾರ ಮಾಡೋದಿಲ್ಲ. ಬೇರೆ ಊರಲ್ಲಿ ಮಾಡ್ತೀನಿ.”

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಕಿರಾಣಿಯವನು ಚಪ್ಪಾಳೆ ಹೊಡೆದ. ಹಣ್ಣಿನ ಅಣ್ಣತಮ್ಮಂದಿರು ಹೊಡೆದರು. ಇಡೀ ಅಂಗಡಿ ಎದ್ದು ನಿಂತು ಅಂಗೈ ಕೆಂಪಾಗುವಂತೆ ಹೊಡೆಯಿತು. ಮಾಲೀಕ “ಅಯ್ಯೋ ಮೇಡಂ, ಬೇಜಾರಾಗುತ್ತೆ” ಎನ್ನುತ್ತಲೇ ಮೈಕಿನ ವೈರು ಸುತ್ತತೊಡಗಿದ್ದ.

ಅವಳು ಇಳಿದು ಬಂದು ನನ್ನ ಪಕ್ಕ ಕೂತಳು.

“ಈ ಚಪ್ಪಾಳೆ ಮಾತ್ರ ಅಸಲಿ, ದೊಡ್ಡಮ್ಮ.”

ಹೌದೆಂದೆ. ಅವಳು ಸ್ವಲ್ಪ ಹೊತ್ತು ಕಿರಾಣಿಯವನನ್ನೇ ನೋಡಿದಳು. ಅವನು ಇನ್ನೂ ಹೊಡೆಯುತ್ತಲೇ ಇದ್ದ.

“ಇವನಿಗೆ ಇಷ್ಟೊಂದು ಖುಷಿ ಯಾಕೆ?” ಎಂದಳು. “ಸೋಮವಾರ ಮೊದಲು ಇವನ ಅಂಗಡಿಗೇ ಹೋಗ್ತೀನಿ.”