ಮಂಜಿಗೊಂದು ಉಪಸಂಹಾರ

ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಒಂದು ಚಳಿಗಾಲದ ಬೆಳಿಗ್ಗೆ ಮಂಜಿನ ಬಗ್ಗೆ ಪ್ರಬಂಧ ಬರೆಸಿದೆ. ಪೀಠಿಕೆ, ವಿವರಣೆ, ಉಪಸಂಹಾರ ಇರಬೇಕು. ಮಾಹಿತಿ ಕೊಡುವ ಬರಹ, ಕಲ್ಪನೆ ಬೇಡ, ಕಂಡದ್ದನ್ನಷ್ಟೇ ಬರೆಯಿರಿ ಎಂದಿದ್ದೆ.

ಎಲ್ಲರೂ ಬರೆದು ಕೊಟ್ಟರು. ಅನನ್ಯಾ ಮಾತ್ರ ವಿವರಣೆಯವರೆಗೆ ಬರೆದು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

"ಉಪಸಂಹಾರ ಎಲ್ಲಮ್ಮಾ?"

"ಮಂಜು ಅಭೀ ತಕ್, ಇನ್ನೂ ಹೋಗೇ ಇಲ್ಲ ಆಂಟಿ. ಮುಗೀತು ಅಂತ ಹೇಗೆ ಬರೀಲಿ?"

ನಾನೂ ಪಕ್ಕದಲ್ಲಿ ಕೂತೆ. ಎದುರಿನ ಕಟ್ಟಡವೇ ಇರಲಿಲ್ಲ. ಹೊಸದಾಗಿ ಬಂದಿದ್ದ ಮೆಟ್ರೊ, ಕೆಳಗೆ ಕಂಬಗಳೇ ಇಲ್ಲದ ಹಾಗೆ, ದೀಪ ಹಚ್ಚಿಕೊಂಡು ಬಿಳುಪಿನೊಳಗೆ ತೇಲಿ ಹೋಯಿತು.

"ಇದನ್ನೂ ಬರೀಲಾ?"

"ಕಂಡಿತಲ್ಲ, ಬರಿ."

ಉಳಿದವರೆಲ್ಲ ಬಿಸಿಲು ಬಂದು ಮಂಜು ಕರಗಿತು ಎಂದು ಚೆಂದವಾಗಿ ಮುಗಿಸಿದ್ದರು. ಆ ದಿನ ಸಂಜೆಯಾದರೂ ಬಿಸಿಲು ಬರಲಿಲ್ಲ.