ಜ್ವರದ ಅಧ್ಯಾಯ

ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ನಾವು ತೊಂಡಾಮುತ್ತೂರಿನಲ್ಲಿದ್ದೆವು. ಗಂಡನಿಗೆ ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಹೊಸ ಕೆಲಸ. ಪೇಟೆಯ ಗದ್ದಲ ಬೇಡವೆಂದು ಬೆಟ್ಟದ ಬುಡದ ಈ ಊರಲ್ಲಿ ಮನೆ ಹಿಡಿದಿದ್ದೆವು. ಮನೆಯ ಒಡತಿ ಪಕ್ಕದಲ್ಲೇ ಇದ್ದರು. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ ಅವರದು. ಸಣ್ಣ ಈರುಳ್ಳಿ, ಬಾಳೆ ಬೆಳೆಯುತ್ತಿದ್ದರು. ಅವರು ಮನೆಯಲ್ಲಿ ಆಡುವ ಕನ್ನಡಕ್ಕೆ ತಮಿಳಿನ ರಾಗ. ಓದಲು ಬರುತ್ತಿದ್ದುದು ತಮಿಳು ಮಾತ್ರ. ನನಗೋ ತಮಿಳಿನ ಬಸ್ ಬೋರ್ಡನ್ನೂ ಯಾರಾದರೂ ಓದಿ ಹೇಳಬೇಕಿತ್ತು. ನಾನು ಅವರನ್ನು ಅಮ್ಮ ಅನ್ನುತ್ತಿದ್ದೆ. ಅವರು ಆ ಸೀಮೆಯ ರೂಢಿಯಂತೆ ನನ್ನನ್ನು ಅಮ್ಮಿಣಿ ಎಂದು ಕರೆಯುತ್ತಿದ್ದರು.

ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಮಗುವಿಗೆ ಜ್ವರ ಬಂತು. ಹಣೆಗೆ ಒದ್ದೆ ಬಟ್ಟೆ ಹಾಕಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಇದ್ದಕ್ಕಿದ್ದಂತೆ ಅವಳ ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಸೆಟೆದುಕೊಂಡು ಅದುರತೊಡಗಿದವು. ತುಟಿ ನೀಲಿಗಟ್ಟಿತು. ನನ್ನ ಕೂಗು ಕೇಳಿ ಅಮ್ಮ ಓಡಿಬಂದು ನೋಡಿ, ತಮ್ಮ ಮನೆಗೆ ಹೋಗಿ ಮರಳಿದರು. ಒಂದು ಕೈಯಲ್ಲಿ ಮಗುವಿನ ಮುಷ್ಟಿಗೆ ಹಿಡಿಸಲು ಕಬ್ಬಿಣದ ಬೀಗದ ಕೈ, ಇನ್ನೊಂದರಲ್ಲಿ ಮೂಸಿಸಲು ಜಜ್ಜಿದ ಈರುಳ್ಳಿ.

"ಸೆಳವು ಅಮ್ಮಿಣಿ, ಸೆಳವು! ನಾಲಿಗೆ ಕಚ್ಕೊಂಡ್ಬಿಡ್ತದೆ. ಕರಂಡಿ ತಾ, ಸೀಕ್ರ ತಾ!"

ನಾನು ಚಮಚ ತಂದುಕೊಟ್ಟೆ. ಇಬ್ಬರೂ ಸೇರಿ ಬಿಗಿದ ಹಲ್ಲಿನ ನಡುವೆ ಅದನ್ನು ತೂರಿಸಿದೆವು. ಒಸಡು ಹರಿದು ರಕ್ತ ಬಂತು. ಆ ರಕ್ತ ಒಳಗಿನಿಂದಲೇ ಬರುತ್ತಿದೆ ಎಂದುಕೊಂಡು ನಾನು ಅರ್ಧ ಸತ್ತೆ. ಅಷ್ಟರಲ್ಲಿ ಅದುರು ತಾನಾಗಿಯೇ ನಿಂತು, ಮಗು ಸಣ್ಣಗೆ ನರಳಿ ನಿದ್ದೆಗೆ ಜಾರಿತು. ಅಮ್ಮನ ಮಗ ವ್ಯಾನಿನಲ್ಲಿ ನನ್ನನ್ನೂ ಮಗುವನ್ನೂ ಕೊಯಮತ್ತೂರಿನ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಮಗುವನ್ನು ಎಲ್ಲ ಕಡೆ ಪರೀಕ್ಷಿಸಿ, "ಫೀವರ್ ಫಿಟ್ಸ್, ಪಯಪ್ಪಡಾದೀಂಗಮ್ಮಾ" ಎಂದರು. ಜ್ವರಕ್ಕೆ ಬಂದ ಫಿಟ್ಸು, ಹೆದರಬೇಡಿ ಎಂಬುದು ಅರ್ಥವಾಯಿತು. ಆಮೇಲೆ ತಮಿಳಿನಲ್ಲಿ ಬಿರುಸಾಗಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅರ್ಥವಾಗಲಿಲ್ಲ. ತಿಳಿಸಿ ಹೇಳಬಹುದಾಗಿದ್ದ ಅಮ್ಮನ ಮಗ ವ್ಯಾನಿನ ಹತ್ತಿರವೇ ಉಳಿದಿದ್ದರು. ಹೊರಗೆ ಬೆಂಚು ತುಂಬ ಮಕ್ಕಳು ಅಳುತ್ತಿದ್ದವು. ಇನ್ನೊಮ್ಮೆ ಕೇಳಲು ಸಂಕೋಚವಾಯಿತು.

ತೊಂಡಾಮುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಆಗಷ್ಟೇ ಒಂದು ಬ್ರೌಸಿಂಗ್ ಸೆಂಟರ್ ತೆರೆದಿತ್ತು. ಪ್ಲೈವುಡ್ ಗೂಡುಗಳು, ಪ್ರತಿ ಗೂಡಿಗೂ ಒಂದು ಪರದೆ. ಮರುದಿನ ಮಗುವನ್ನು ಅಮ್ಮನ ಕೈಗೆ ಕೊಟ್ಟು ನಾನು ಅಲ್ಲಿ ಹೋಗಿ ಕೂತೆ. ಫಿಟ್ಸ್ ಎಂದು ಹುಡುಕಿದರೆ ಮೂರ್ಛೆರೋಗ ಎಂದು ಬಂತು. ಅದನ್ನು ಒತ್ತಿದರೆ ಮೆದುಳಿನ ಗೆಡ್ಡೆ. ಅದರ ಪಕ್ಕದಲ್ಲಿ ಮೆದುಳುಜ್ವರ. ಎಲ್ಲೋ ದೂರದೇಶದ ತಾಯಿಯೊಬ್ಬಳು ತನ್ನ ಮಗು ನಡೆಯುವುದನ್ನೂ ಮಾತಾಡುವುದನ್ನೂ ಮರೆತ ಕತೆ ಬರೆದಿದ್ದಳು. ಅವಳ ಮಗುವಿಗೂ ಮೊದಲು ಜ್ವರವೇ ಬಂದಿದ್ದು. ಆ ಪುಟ ಓದಿ ಮುಗಿಸುವ ಮೊದಲೇ ಅದರೊಳಗಿನ ಇನ್ನೊಂದು ಕೊಂಡಿಯನ್ನು ಒತ್ತಿದ್ದೆ. ಯಾವುದನ್ನೂ ಪೂರ್ತಿ ಓದಲಿಲ್ಲ. ಓದಿದ್ದರಲ್ಲಿ ಭಯ ಹುಟ್ಟಿಸಿದ್ದು ಮಾತ್ರ ತಲೆಯಲ್ಲಿ ಉಳಿಯಿತು.

ದಿನವೂ ಹೋಗತೊಡಗಿದೆ. ಮನೆಗೆ ಬಂದು ಮಗುವನ್ನು ದಿಟ್ಟಿಸುತ್ತ ಕೂರುತ್ತಿದ್ದೆ. ಅವಳು ಕಣ್ಣು ಮಿಟುಕಿಸಿದರೆ ಅನುಮಾನ, ನಿದ್ದೆಯಲ್ಲಿ ಬೆಚ್ಚಿದರೆ ಅನುಮಾನ. ನಿನ್ನೆ ಆಡಿದ 'ಕಾಕಾ' ಎಂಬ ಮಾತನ್ನು ಇವತ್ತು ಆಡಲಿಲ್ಲವಲ್ಲ ಎಂದು ಕಾಗೆ ತೋರಿಸಿ ತೋರಿಸಿ ಅವಳನ್ನು ಅಳಿಸಿದೆ. ಗಂಡ ಸಮಾಧಾನ ಹೇಳಿದರೆ, "ನಿಮಗೇನು ಗೊತ್ತು? ನೀವು ಓದಿದ್ದೀರಾ?" ಎಂದು ರೇಗುತ್ತಿದ್ದೆ.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಕಲಿತಿದ್ದ ರೋಗಗಳ ಹೆಸರನ್ನೆಲ್ಲ ಒಂದೊಂದಾಗಿ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ಈ ಸಲ ನಿಧಾನವಾಗಿ ಇಂಗ್ಲಿಷಿನಲ್ಲಿ ಮಾತಾಡಿದರು.

"ಇದೆಲ್ಲ ಇಂಟರ್ನೆಟ್ಟಿನಲ್ಲಿ ನೋಡಿದ್ರಾ?"

"ಹೌದು ಡಾಕ್ಟರ್."

"ನೀವು ಓದುವವರು. ಓದಬೇಡಿ ಅಂದರೆ ಕೇಳುವುದಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳು ಓದುವ ಶಿಶುವೈದ್ಯದ ಪುಸ್ತಕ ಯಾವುದಾದರೂ ಸಿಕ್ಕರೆ ತಗೊಳ್ಳಿ. ಜ್ವರದ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿ. ನಡುವೆ ಬಿಡಬೇಡಿ."

ಮನೆಗೆ ಹಿಂದಿರುಗುವಾಗ ಕೊಯಮತ್ತೂರಿನ ಉಕ್ಕಡಂನಲ್ಲಿ ಇಳಿದೆ. ಅಲ್ಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ, ಬೆನ್ನು ಕಿತ್ತುಹೋದ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ತಂದೆ. ಯಾರೋ ವಿದ್ಯಾರ್ಥಿನಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ತಮಿಳಿನಲ್ಲಿ ಅರ್ಥ ಬರೆದುಕೊಂಡಿದ್ದಳು. ಅವು ನನ್ನ ಪಾಲಿಗೆ ಚಿತ್ರಗಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಶುರುಮಾಡಿದೆ.

ಮೊದಮೊದಲು ತುಂಬ ಕಷ್ಟವಾಯಿತು. ಒಂದು ಪುಟ ಮುಗಿಯುವುದರೊಳಗೆ ಕೈ ಯಾವುದೋ ಕೊಂಡಿ ಒತ್ತಲು ತಹತಹಿಸುತ್ತಿತ್ತು. ನೇರವಾಗಿ ಸೆಳವಿನ ಪುಟಕ್ಕೆ ಹಾರಿದೆ, ಏನೂ ತಿಳಿಯದೆ ಹಿಂದಕ್ಕೆ ಬಂದೆ. ಮೈಯ ಬಿಸಿ ಏಕೆ ಏರುತ್ತದೆ ಎಂಬಲ್ಲಿಂದ ಪುಸ್ತಕ ಆರಂಭಿಸಿತ್ತು. ಎಳೆಯ ಮೆದುಳು ಆ ಬಿಸಿಯನ್ನು ಹೇಗೆ ತಾಳುತ್ತದೆ, ಯಾವಾಗ ತಾಳಲಾರದೆ ಹೋಗುತ್ತದೆ, ಸಾಮಾನ್ಯವಾಗಿ ಕಾಣುವುದು ಯಾವುದು, ಅಪರೂಪದ್ದು ಯಾವುದು, ಹೀಗೆ ಮುಂದುವರಿಯುತ್ತಿತ್ತು. ಕಂಪ್ಯೂಟರಿನಲ್ಲಿ ನೋಡಿದ್ದ ಭಯಂಕರ ಹೆಸರುಗಳೆಲ್ಲ ಇಲ್ಲೂ ಇದ್ದವು. ಮೂರ್ಛೆರೋಗವೂ ಇತ್ತು, ಮೆದುಳುಜ್ವರವೂ ಇತ್ತು. ಆದರೆ ಅವು ಎಷ್ಟು ವಿರಳ, ಯಾವ ಲಕ್ಷಣ ಕಂಡರೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದೂ ಜೊತೆಗಿತ್ತು. ಹೆಚ್ಚಿನ ಮಕ್ಕಳು ಐದಾರು ವರ್ಷದ ಹೊತ್ತಿಗೆ ಇದರಿಂದ ಪಾರಾಗುತ್ತಾರೆ ಎಂಬ ಸಾಲಿನ ಕೆಳಗೆ ಆ ಹುಡುಗಿ ಗೆರೆ ಎಳೆದಿರಲಿಲ್ಲ. ನಾನು ಎಳೆದೆ.

ಭಯವೇನೂ ಪೂರ್ತಿ ಹೋಗಲಿಲ್ಲ. ಮತ್ತೆ ಬರಬಹುದು ಎಂದೂ ಅಲ್ಲೇ ಬರೆದಿತ್ತು.

ಅಮ್ಮ ಒಂದು ದಿನ ಈರುಳ್ಳಿ ಸುಲಿಯುತ್ತ ಕೇಳಿದರು: "ಅಷ್ಟು ದೊಡ್ಡ ಪುಸ್ತಕದಲ್ಲಿ ಏನ್ ಬರ್ದವ್ರೆ ಅಮ್ಮಿಣಿ?"

ಓದಿದ್ದನ್ನು ಕನ್ನಡದಲ್ಲಿ ಹೇಳಿದೆ. ಬಾಯಿಗೆ ಏನನ್ನೂ ಹಾಕಬಾರದು ಎಂಬಲ್ಲಿಗೆ ಬಂದಾಗ ಅವರ ಕೈ ನಿಂತಿತು.

"ಕರಂಡಿನೂ ಹಾಕ್ಬಾರ್ದಾ? ನಮ್ಮ ಅತ್ತೆ ಹಂಗೇ ಹೇಳಿಕೊಟ್ಟಿದ್ದು. ನನ್ನ ಮಗನಿಗೂ ಹಂಗೇ ಮಾಡಿದ್ದೆ, ಪಾವ, ಎಷ್ಟು ನೋವಾಯ್ತೋ."

"ಹಲ್ಲು ಮುರಿದು ಗಂಟಲಿಗೆ ಹೋಗಬಹುದಂತೆ ಅಮ್ಮ. ಪಕ್ಕಕ್ಕೆ ಮಲಗಿಸಿ ಬಿಡಬೇಕಂತೆ."

"ಸುಮ್ನೆ ನೋಡ್ಕೊಂಡು ಕೂತಿರೋದಾ? ಯಾವ ತಾಯಿಗೆ ಆಗ್ತದೆ ಅದು?"

ನಾನೂ ಒಂದು ಈರುಳ್ಳಿ ತೆಗೆದುಕೊಂಡು ಸುಲಿಯತೊಡಗಿದೆ.

ಹೊರಗಿನ ಗಾಳಿ ಅಡಗಿ, ಮಳೆ ಹಿಡಿದ ಕಾಲದಲ್ಲಿ ಮತ್ತೆ ಜ್ವರ ಏರಿ ಸೆಳವು ಎರಡನೆಯ ಸಲ ಬಂತು. ಬೆಳಗಿನ ಹೊತ್ತು, ಗಂಡ ಕೆಲಸಕ್ಕೆ ಹೋಗಿಯಾಗಿತ್ತು. ಮಗುವಿನ ಕಣ್ಣು ಮೇಲೆ ಹೋದದ್ದು ಕಂಡದ್ದೇ ನನ್ನ ಕೈ ತಾನೇ ಕೆಲಸ ಮಾಡಿತು. ಚಾಪೆಯ ಮೇಲೆ ಅವಳನ್ನು ಪಕ್ಕಕ್ಕೆ ಹೊರಳಿಸಿದೆ. ಕೊರಳ ಗುಂಡಿ ಬಿಚ್ಚಿದೆ. ಹತ್ತಿರವಿದ್ದ ಸ್ಟೂಲು ತಳ್ಳಿದೆ. ಗೋಡೆಯ ಗಡಿಯಾರ ನೋಡಿದೆ. ಪುಸ್ತಕ ಕಪಾಟಿನಲ್ಲಿತ್ತು. ತೆಗೆದು ನೋಡುವಷ್ಟು ಪುರುಸೊತ್ತಿರಲಿಲ್ಲ, ನೋಡುವ ಅಗತ್ಯವೂ ಬೀಳಲಿಲ್ಲ.

ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅಡುಗೆಮನೆಯಿಂದ ಹಾಗೇ ಓಡಿಬಂದಿದ್ದರು, ಕೈಯಲ್ಲಿ ಕರಂಡಿ ಇತ್ತು.

"ಬೇಡ ಅಮ್ಮ."

"ತುಟಿ ನೀಲಿ ಆಗ್ತಾ ಇದೆ, ನೋಡು!"

"ಬೇಡ. ತಾನಾಗೇ ನಿಲ್ಲುತ್ತೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೋಗೋಣ. ಅಣ್ಣನಿಗೆ ವ್ಯಾನ್ ತೆಗೆದಿಡೋಕೆ ಹೇಳಿ."

ಅವರು ಕರಂಡಿಯನ್ನು ಹೊಸ್ತಿಲ ಮೇಲಿಟ್ಟು ಮಗನನ್ನು ಕೂಗಿದರು. ಮತ್ತೆ ಬಂದು ನನ್ನ ಪಕ್ಕ ಕೂತು, ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಏನೂ ಮಾಡದೆ ಕೂತಿರುವುದು ಎಷ್ಟು ಕಷ್ಟ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಗಡಿಯಾರದ ಮುಳ್ಳು ಕೆಟ್ಟು ನಿಂತಿದೆಯೇನೋ ಅನ್ನಿಸಿತು. "ಓದಿದ್ದು ತಪ್ಪಾಗಿದ್ದರೆ? ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ?" ಎಂದು ಮನಸ್ಸು ಹೊಡೆದುಕೊಳ್ಳುತ್ತಿತ್ತು. ಎರಡು ನಿಮಿಷ ಕಳೆದಿರಬೇಕು. ಕಾಲಿನ ಅದುರು ಸಡಿಲವಾಯಿತು, ಆಮೇಲೆ ಕೈಯದು. ಬಾಯಿಯ ಅಂಚಿನಿಂದ ಜೊಲ್ಲು ಚಾಪೆಗೆ ಇಳಿಯಿತು. ತುಟಿಗೆ ಬಣ್ಣ ಮರಳಿತು. ಮಗು ಕಣ್ಣು ಬಿಟ್ಟು ನನ್ನನ್ನು ಗುರುತಿಸಿ ಅತ್ತಿತು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳಿಗಿಂತ ಜೋರಾಗಿ ಅತ್ತರು.

ಆಮೇಲೂ ಡಾಕ್ಟರ ಹತ್ತಿರ ಹೋದೆವು. ಎಷ್ಟು ಹೊತ್ತು ಇತ್ತು, ಎರಡೂ ಕಡೆ ಅದುರಿತೆ, ಎಚ್ಚರ ಯಾವಾಗ ಬಂತು ಎಂದು ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ ಬರೆದುಕೊಂಡು, ಔಷಧಿ ಕೊಟ್ಟು ಕಳಿಸಿದರು. ಮೂರನೆಯ ಸಲ ಅದು ಬರಲಿಲ್ಲ. ಬರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ಪ್ರತಿ ನೆಗಡಿಗೂ ನಾನು ಗಡಿಯಾರದ ಎದುರೇ ಕೂರುತ್ತಿದ್ದೆ. ಅವಳಿಗೆ ಆರು ವರ್ಷ ತುಂಬಿದ ಮೇಲೂ ಆ ಅಭ್ಯಾಸ ಬಿಡಲು ಬಹಳ ದಿನ ಹಿಡಿಯಿತು.

ಅಮ್ಮ ಮಾತ್ರ ನೆಂಟರ ಮನೆಯಲ್ಲಿ ಮಗುವಿಗೆ ಜ್ವರ ಎಂದು ತಿಳಿದರೆ ಸಾಕು, ನನ್ನನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. "ಬಾಯಿಗೆ ಒಂದೂ ಹಾಕ್ಬೇಡಿ, ಪುಸ್ತಕದಲ್ಲೇ ಬರ್ದದೆ," ಎಂದು ತಾವೇ ಹೇಳಿ, ನಾನು ಹೌದೆನ್ನಲಿ ಎಂದು ನನ್ನ ಮುಖ ನೋಡುತ್ತಿದ್ದರು. ಹಾಗೆ ಹೋಗಿ ಬರುತ್ತಿದ್ದಾಗ ಒಂದು ಸಂಜೆ ದಾರಿಯಲ್ಲಿ ನಿಂತು ಕೇಳಿದರು:

"ಅಮ್ಮಿಣಿ, ಅದರಲ್ಲಿ ಮಂಡಿ ನೋವಿಗೆ ಏನಾದ್ರೂ ಬರ್ದವ್ರಾ?"

"ಅದು ಮಕ್ಕಳ ಪುಸ್ತಕ ಅಮ್ಮ."

"ಮುದುಕರದೂ ಒಂದು ಇರ್ತದಲ್ಲ. ತಂದು ಓದು. ಅರ್ಧಂಬರ್ಧ ಓದಿ ನನ್ನ ಎದೆ ಒಡಿಸ್ಬೇಡ, ಪೂರ್ತಿ ಓದಿ ಆಮೇಲೆ ಹೇಳು."