ಇಬ್ಬರಿಗೆ ಒಂದು ಲ್ಯಾಪ್‌ಟಾಪ್

ಬೇಸಿಗೆ ಬಂತೆಂದರೆ ನಮ್ಮ ಲ್ಯಾಪ್‌ಟಾಪಿನ ಫ್ಯಾನು ಬುಸುಗುಡಲು ಶುರುಮಾಡುತ್ತದೆ. ಸುರಪುರದ ಬಿಸಿಲಿಗೆ ನಾವೇ ಏದುಸಿರು ಬಿಡುವಾಗ ಅದರದೇನು ತಪ್ಪು, ಹೇಳಿ! ಇವತ್ತು ಆ ಸದ್ದಿಗೆ ಅದನ್ನು ಕೊಂಡುತಂದ ದಿನ ನೆನಪಾಗಿ ಒಬ್ಬಳೇ ನಕ್ಕೆ.

ಆಗ ನಾನು ಮನೆಯಲ್ಲೇ ಕೂತು ಮದುವೆ ಆಲ್ಬಮ್ ಡಿಸೈನ್ ಮಾಡುತ್ತಿದ್ದೆ. ಹಳೆಯ ಕಂಪ್ಯೂಟರು ಕೈಕೊಟ್ಟಿತ್ತು. ಅದೇ ವರ್ಷ ಮೈದುನನ ಹೆಂಡತಿಯಾಗಿ ಬಂದವಳು ಮಲ್ಲಮ್ಮ, ವನದುರ್ಗದ ಕಡೆಯ ಕುರಿಗಾರರ ಮಗಳು. ಪಿಯುಸಿಗೇ ಓದು ನಿಂತಿತ್ತು. ಒಂದು ದಿನ ರೊಟ್ಟಿ ಬಡಿಯುತ್ತ ಮೆಲ್ಲಗೆ ಅಂದಳು: “ಅಕ್ಕಾ, ನಾ ಡಿಗ್ರಿ ಓದಬೇಕಂತೀನಿ. ಪಾಠ ಎಲ್ಲಾ ಆನ್‌ಲೈನ್‌ನಾಗೇ ಅದಾವಂತ.”

ಪಾಠದ ಹೊತ್ತೂ ನನ್ನ ಕೆಲಸದ ಹೊತ್ತೂ ಒಂದೇ. ಎರಡು ಕೊಳ್ಳುವ ಶಕ್ತಿ ಮನೆಗಿಲ್ಲ. ಒಂದೇ ಲ್ಯಾಪ್‌ಟಾಪು ಇಬ್ಬರನ್ನೂ ಎಳೆಯದಿದ್ದರೆ ಯಾರದು ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಮನೆಗೆ ದುಡ್ಡು ತರುತ್ತಿದ್ದದ್ದು ಆಲ್ಬಮ್ಮು, ಪಾಠವಲ್ಲ.

ಇಬ್ಬರೂ ಕೂಡಿ ಹೋದ ಯಾದಗಿರಿಯ ಅಂಗಡಿಯಲ್ಲಿ ನನ್ನ ಕಣ್ಣು ಹೋಗಿ ಬಿದ್ದದ್ದು ತೆಳ್ಳನೆಯ ನೀಲಿ ಲ್ಯಾಪ್‌ಟಾಪಿನ ಮೇಲೆ. ಸೀರೆ ಆರಿಸುವ ಹಾಗೆ ಅದರ ಮೈ ಸವರುತ್ತ ನಿಂತೆ.

“ಮೊದ್ಲ ಅಕ್ಕನ ಆಲ್ಬಮ್ಮೂ ನನ್ನ ಪಾಠಾನೂ ಕೂಡೇ ನಡಸ್ರಿ, ನೋಡೂನು,” ಅಂದಳು ಮಲ್ಲಮ್ಮ.

ಪೆನ್‌ಡ್ರೈವಿನಲ್ಲಿ ಒಯ್ದಿದ್ದ ಆಲ್ಬಮ್ಮನ್ನೂ ಪಾಠದ ವಿಡಿಯೋವನ್ನೂ ನಡೆಸಿದರು. ಮದುವಣಗಿತ್ತಿಯ ಅರ್ಧ ಮುಖ ಮೂಡಿ ನಿಂತಿತು. ಪಕ್ಕದಲ್ಲಿ ಮೇಷ್ಟ್ರು ಬಾಯಿ ತೆರೆದವರು ಮುಚ್ಚಲೇ ಇಲ್ಲ.

ಅಂಗಡಿಯವರು ನಕ್ಕರು. “ಇದರಾಗ ರ‍್ಯಾಮ್ ನಾಕೇ ಜಿಬಿ ಅದರಿ ತಾಯಿ. ಫೋಟೋ ಇಡಾಕ ಜಾಗಾ ಬೇಕಾದಷ್ಟದ, ಆದ್ರ ಒಮ್ಮಿಗೇ ಎರಡು ಕೆಲಸ ತಡಿಯಂಗಿಲ್ಲ.”

ಮೆಮರಿ ಎಂದರೆ ಎಲ್ಲಾ ಒಂದೇ ಎಂದುಕೊಂಡಿದ್ದ ಪಂಡಿತೆ ನಾನು!

ಆಮೇಲೆ ಕೆಳಗಿನ ಕಪಾಟಿನಿಂದ ದಪ್ಪನೆಯ ಕರಿಯದೊಂದು ಹೊರಬಂತು. ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು, ಮೂಲೆಯಲ್ಲಿ ಗೀರು ಬೇರೆ. ಆದರೆ ಹದಿನಾರು ಜಿಬಿ ರ‍್ಯಾಮು. ಬೆಲೆ ನೀಲಿಗಿಂತ ಕಡಿಮೆ. ಮದುವಣಗಿತ್ತಿ ಪೂರ್ತಿ ಮೂಡಿದಳು, ಮೇಷ್ಟ್ರು ಗಡಗಡ ಮಾತಾಡಿದರು. ಮಲ್ಲಮ್ಮ ಚಪ್ಪಾಳೆ ಹೊಡೆದಳು. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಬಸ್ಸಿನಲ್ಲಿ ಶಹಾಪುರ ದಾಟಿದರೂ ಬ್ಯಾಗನ್ನು ನನ್ನ ಕೈಗೆ ಕೊಡಲಿಲ್ಲ ಅವಳು.

ಅಂದಿನಿಂದ ಪರದೆಯ ಅರ್ಧ ನನಗೆ, ಅರ್ಧ ಅವಳಿಗೆ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ಸುಮ್ಮನೆ ನನ್ನ ಕಿವಿಗೆ. ಹಾಗೆ ಕೇಳುತ್ತ ಕೇಳುತ್ತ ನಾರಾಯಣಪುರದ ಒಂದು ಜೋಡಿಯ ಫೋಟೋ ಕೆಳಗೆ ‘ನವ ದಂಪತಿಗಳು’ ಎಂದು ಹಾಕುವ ಬದಲು ‘ಕಲ್ಯಾಣಿ ಚಾಲುಕ್ಯರು’ ಎಂದು ಹಾಕಿಬಿಟ್ಟೆ. ಅವರು ಒಳ್ಳೆಯವರು, ನಕ್ಕು ಹಾಗೇ ಇರಲಿ ಬಿಡ್ರಿ ಅಂದರು.

ಮಲ್ಲಮ್ಮ ಈಗ ಕೊಡೇಕಲ್ಲಿನ ಶಾಲೆಯಲ್ಲಿ ಟೀಚರು. ಡಿಗ್ರಿಗೆ ಈ ವರ್ಷ ಹೆಸರು ಹಚ್ಚಿದವಳು ನಾನು, ನಲವತ್ತು ದಾಟಿದ ಮೇಲೆ. ಇವತ್ತು ಬೆಳಿಗ್ಗೆ ಬಸ್ಸಿಗೆ ಹೊರಟ ಮಲ್ಲಮ್ಮ ಬಾಗಿಲಲ್ಲಿ ತಿರುಗಿ ನಿಂತಳು. “ಅಕ್ಕಾ, ಇವತ್ತ ಆಲ್ಬಮ್ ಮುಟ್ಟಬ್ಯಾಡ. ನಾಳಿ ಪರೀಕ್ಷಾ ಅದ. ಸಂಜಿಕ ಬಂದು ಪ್ರಶ್ನೆ ಕೇಳ್ತೀನಿ.”

“ಹೂನ್ರಿ ಮೇಡಂ,” ಅಂದೆ, ಎದ್ದು ನಿಂತು.